ಎಂಟು ದಿನದ ಮೌನ ಧ್ಯಾನಕೂಟ: ಊಟಕ್ಕೆ ಎರಡು ಸ್ಟಾರ್, ಸಿಸ್ಟರ್‌ಗೆ ಐದು

ಮೊದಲೇ ಹೇಳಿಬಿಡುತ್ತೇನೆ, ಜಾಗದ ಹೆಸರು ಹಾಕುವುದಿಲ್ಲ. ಬಿಸಿನೀರು, ಸೊಳ್ಳೆ, ಸಾಂಬಾರು ಅಂತ ಬೈಯುವುದು ಸ್ವಲ್ಪ ಇದೆ, ಮತ್ತೆ ನಾನು ಪ್ರತಿ ತಿಂಗಳು ಅಲ್ಲಿಗೇ ಹೋಗಬೇಕು. ಬೆಂಗಳೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ, ಇಳಿದ ಮೇಲೆ ನೀಲಗಿರಿ ತೋಪಿನ ಪಕ್ಕ ಹದಿನೈದು ನಿಮಿಷ ನಡಿಗೆ, ಸಿಸ್ಟರ್‌ಗಳು, ಅಂದರೆ ಕಥೋಲಿಕ ಸನ್ಯಾಸಿನಿಯರು, ನಡೆಸುವ ಹಳೇ ಕಟ್ಟಡ. ಇಷ್ಟು ಸಾಕು. ಇಂಥ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ, ನಿಮ್ಮ ಧರ್ಮಕೇಂದ್ರದ (ಪ್ಯಾರಿಷ್) ಯಾವ ಸಿಸ್ಟರನ್ನು ಕೇಳಿದರೂ ನಾಲ್ಕು ಹೆಸರು ಹೇಳುತ್ತಾರೆ.

ಇನ್ನೊಂದು ವಿಷಯ. ಧ್ಯಾನಕೂಟ ಅಂದ ತಕ್ಷಣ ನಮ್ಮವರಿಗೆ ನೆನಪಾಗುವುದು ಶಾಮಿಯಾನ, ಮೈಕು, ಡ್ರಮ್ಸು, ಕೈಯೆತ್ತಿ ಸ್ತುತಿ, ಕೊನೆಗೆ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ. ಅದು ಬೇರೆ, ಇದು ಬೇರೆ. ಇಲ್ಲಿ ಎಂಟು ದಿನ ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲ, ದಿನಕ್ಕೆ ಅರ್ಧ ಗಂಟೆ ಒಬ್ಬ ಸಿಸ್ಟರ್ ಜೊತೆ ಬಿಟ್ಟರೆ. ಅಮ್ಮನಿಗೆ ಹೀಗೆ ಅಂತ ಹೇಳಿದಾಗ "ಅದಕ್ಕೆ ದುಡ್ಡು ಕೊಟ್ಟು ಯಾಕೆ ಹೋಗ್ಬೇಕು, ಮನೇಲೇ ಬಾಯಿ ಮುಚ್ಕೊಂಡಿರು, ನಮಗೂ ನೆಮ್ಮದಿ" ಅಂದರು.

ನನಗೆ 27 ವರ್ಷ. ಒಂದು ಕಂಪನಿಯಲ್ಲಿ ಲೆಕ್ಕ ನೋಡುವ ಕೆಲಸ. ಶುಕ್ರವಾರ ಸಂಜೆ ತನಕ ಆಫೀಸು, ಆಮೇಲೆ ಪೂರ್ತಿ ಚರ್ಚು. ಗಾನವೃಂದದಲ್ಲಿ ಕೀಬೋರ್ಡ್, 7ನೇ ಕ್ಲಾಸಿನ ಮಕ್ಕಳಿಗೆ ಭಾನುವಾರದ ಧರ್ಮೋಪದೇಶ, ಯುವಜನ ಸಂಘದ ಕಾರ್ಯದರ್ಶಿ, ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪಾಲ್ ಸಭೆಯ ಖಜಾಂಚಿ, ಪೂಜೆಯಲ್ಲಿ ವಾಚನ ಓದುವವರ ಪಟ್ಟಿ ಹಾಕುವ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಸೆಪ್ಟೆಂಬರ್ 8ರ ಮೇರಿ ಮಾತೆಯ ಹಬ್ಬ ಬಂತೆಂದರೆ ಒಂಬತ್ತು ದಿನವೂ ನವೇನ ಪ್ರಾರ್ಥನೆ ಮುಗಿಸಿ ಮನೆ ಸೇರುವಾಗ ರಾತ್ರಿ ಹತ್ತೂವರೆ. ಈ ಗಲಾಟೆಯ ಮಧ್ಯೆ ಮೂರು ವರ್ಷದಿಂದ ಒಂದು ಯೋಚನೆ ತಲೆಯ ಮೂಲೆಯಲ್ಲಿ ಕೂತಿತ್ತು, ನಾನು ಸಿಸ್ಟರ್ ಆಗಬೇಕಾ ಅಂತ. ಮುಂದೆ ನೋಡೋಣ, ಹಬ್ಬ ಮುಗಿಯಲಿ, ಕ್ರಿಸ್‌ಮಸ್ ಮುಗಿಯಲಿ, ಈಸ್ಟರ್ ಮುಂಚಿನ ತಪಸ್ಸುಕಾಲ ಮುಗಿಯಲಿ ಅಂತ ತಳ್ಳುತ್ತಾ ಬಂದೆ. ಚರ್ಚಿನಲ್ಲಿ ಏನಾದರೂ ಒಂದು ಇದ್ದೇ ಇರುತ್ತದಲ್ಲ.

ಈ ಮನೆಗೆ ಬರುವ ಮೊದಲು ಇನ್ನೊಂದು ಕಡೆ ಹೋಗಿದ್ದೆ, ಅದನ್ನೂ ಹೇಳಬೇಕು, ಹೋಲಿಸದೆ ರಿವ್ಯೂ ಏನು ಬಂತು. ಒಂದು ಸಭೆಯವರು (ಸಭೆ ಅಂದರೆ ಸಿಸ್ಟರ್‌ಗಳ ಸಂಘ) ನಡೆಸುವ "ಬಂದು ನೋಡಿ" ಶಿಬಿರ. ಮೂರು ದಿನ, ಫ್ರೀ. ಫ್ರೀ ಅಂದಾಗಲೇ ಗೊತ್ತಾಗಬೇಕಿತ್ತು. ಊಟ ಚೆನ್ನಾಗಿತ್ತು, ಸಿಸ್ಟರ್‌ಗಳು ಪ್ರೀತಿಯವರೇ, ಅವರ ಶಾಲೆ, ಆಸ್ಪತ್ರೆ, ವೃದ್ಧಾಶ್ರಮ ಎಲ್ಲ ತೋರಿಸಿದರು. ಆದರೆ ಎರಡನೇ ದಿನ ರಾತ್ರಿಯೇ ಒಂದು ಫಾರ್ಮ್ ಕೈಗೆ ಬಂತು, ಅದರಲ್ಲಿ "ಸೇರಲು ಬಯಸುವ ತಿಂಗಳು" ಅಂತ ಒಂದು ಜಾಗ. ಸೇರಬೇಕಾ ಅನ್ನುವ ಪ್ರಶ್ನೆಯೇ ಇಲ್ಲ! ವಾಪಸ್ ಬಂದ ಮೇಲೆ ಎರಡು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದ ಜೊತೆ ಬೈಬಲ್ ವಾಕ್ಯ, ಕೆಳಗೆ "ಯೇಸು ಕಾಯುತ್ತಿದ್ದಾರೆ". ಸೈಟು ಮಾರುವವರೂ ಹೀಗೇ ಮೆಸೇಜು ಹಾಕುತ್ತಾರೆ. ಅವರ ಕಷ್ಟವೂ ಅರ್ಥವಾಗುತ್ತದೆ, ಒಂದು ಕಾಲದಲ್ಲಿ ಒಂದೊಂದು ಮನೆಯಿಂದ ಇಬ್ಬರು ಮೂವರು ಹೋಗುತ್ತಿದ್ದರು, ಈಗ ಮನೆಯಲ್ಲಿರುವುದೇ ಒಂದೋ ಎರಡೋ ಮಕ್ಕಳು. ಆದರೂ.

ಹಾಗಾಗಿ ಈ ಮೌನ ಧ್ಯಾನಕ್ಕೆ ಹೋದಾಗ ನಾನು ಸ್ವಲ್ಪ ಹುಷಾರಾಗಿಯೇ ಹೋದೆ. ಮೇ ತಿಂಗಳು, ಧರ್ಮೋಪದೇಶ ಕ್ಲಾಸಿಗೆ ರಜೆ. ಎಂಟು ದಿನಕ್ಕೆ ಊಟ, ಕೋಣೆ, ಮಾರ್ಗದರ್ಶನ ಎಲ್ಲ ಸೇರಿ 6,400 ರೂಪಾಯಿ. ಬಂದ ರಾತ್ರಿಯೇ ಫೋನ್ ತೆಗೆದುಕೊಂಡು, ಹೆಸರು ಬರೆದ ಲಕೋಟೆಯಲ್ಲಿ ಹಾಕಿ, ಕಬ್ಬಿಣದ ಬೀರುವಿನಲ್ಲಿ ಇಟ್ಟರು. ನಾವು ಹನ್ನೊಂದು ಜನ. ಹೆಚ್ಚಿನವರು ಬೇರೆ ಬೇರೆ ಸಭೆಯ ಸಿಸ್ಟರ್‌ಗಳೇ, ಅವರಿಗೆ ಇದು ವರ್ಷಕ್ಕೊಮ್ಮೆಯ ರೂಢಿ. ಚೂಡಿದಾರ್ ಹಾಕಿದವರು ನಾವು ಮೂವರು ಮಾತ್ರ.

ಮೊದಲು ಬೈಗುಳ ಮುಗಿಸೋಣ. ಕೋಣೆ ಚಿಕ್ಕದು, ಅದು ಪರವಾಗಿಲ್ಲ, ಒಂದು ಮಂಚ, ಮೇಜು, ಕುರ್ಚಿ, ಶಿಲುಬೆ. ಆದರೆ ಕಿಟಕಿಗೆ ಜಾಲರಿ ಇಲ್ಲ. ತೋಪಿನ ಪಕ್ಕ ಕಟ್ಟಡ ಕಟ್ಟಿ ಜಾಲರಿ ಹಾಕದಿರುವುದು ಯಾವ ತಪಸ್ಸೋ ಗೊತ್ತಿಲ್ಲ. ಬಿಸಿನೀರು ಬೆಳಿಗ್ಗೆ 5ರಿಂದ 5.40 ಅಂತ ಬೋರ್ಡಿದೆ, 5.15ಕ್ಕೇ ಖಾಲಿ, ಯಾಕೆಂದರೆ ಹಳೇ ಸಿಸ್ಟರ್‌ಗಳಿಗೆ ಗುಟ್ಟು ಗೊತ್ತು, ನಾಲ್ಕೂಮುಕ್ಕಾಲಿಗೇ ಬಕೆಟ್ ಇಟ್ಟಿರುತ್ತಾರೆ. ಸಾಂಬಾರು ಎಂಟು ದಿನವೂ ಒಂದೇ, ಸೋರೆಕಾಯಿಯೋ ಸೀಮೆಬದನೆಯೋ ಅನ್ನುವುದಷ್ಟೇ ವ್ಯತ್ಯಾಸ. ಭಾನುವಾರ ಕೋಳಿ ಸಾರು ಇತ್ತು, ಒಪ್ಪಿಕೊಳ್ಳುತ್ತೇನೆ, ಅದು ಚೆನ್ನಾಗಿತ್ತು. ಮೌನದಲ್ಲಿ ಊಟ ಮಾಡುವಾಗ ಹಪ್ಪಳ ಬಡಿಸಬಾರದು ಅಂತ ಅವರ ಸಲಹೆ ಪೆಟ್ಟಿಗೆಗೆ ಚೀಟಿ ಹಾಕಿ ಬಂದಿದ್ದೇನೆ. ಹನ್ನೊಂದು ಜನ ಒಟ್ಟಿಗೆ ಹಪ್ಪಳ ಮುರಿದರೆ ನಗು ತಡೆಯುವುದು ಹೇಗೆ ಹೇಳಿ. ಲೈಬ್ರರಿಯಲ್ಲಿ ಕನ್ನಡ ಪುಸ್ತಕ ಒಂದೇ ಕಪಾಟು, ಇಂಗ್ಲಿಷ್ ಆರು. ಕರ್ನಾಟಕದಲ್ಲೇ ಇದ್ದುಕೊಂಡು ಇದು ಬೇಸರದ ಸಂಗತಿ.

ದಿನಚರಿ ಹೀಗೆ. ಬೆಳಿಗ್ಗೆ ಗಂಟೆ, ಬಲಿಪೂಜೆ, ತಿಂಡಿ. ಆಮೇಲೆ ದಿನಕ್ಕೆ ನಾಲ್ಕು ಸಲ ಒಂದೊಂದು ಗಂಟೆ ಒಬ್ಬರೇ ಕೂತು ಪ್ರಾರ್ಥನೆ. ಸಿಸ್ಟರ್ ಕೊಟ್ಟ ಶುಭಸಂದೇಶದ (ಬೈಬಲಿನಲ್ಲಿ ಯೇಸುವಿನ ಕಥೆ) ಭಾಗ ಓದುವುದು, ಆ ಜಾಗದಲ್ಲಿ ನಾವೇ ಇದ್ದಂತೆ ನೋಡುವುದು, ಸುಮ್ನೆ ಇರುವುದು. ಪ್ರತಿ ಗಂಟೆ ಮುಗಿದ ಮೇಲೆ ಏನಾಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯುವುದು. ಸಂಜೆ ಪರಮಪ್ರಸಾದದ ಆರಾಧನೆ. ಇದೆಲ್ಲ ಸಂತ ಇಗ್ನೇಷಿಯಸ್ ಲೊಯೋಲ ಮಾಡಿಟ್ಟ ಕ್ರಮ. ಮೂಲದಲ್ಲಿ ಅದು ನಾಲ್ಕು ವಾರದ್ದು, ಸುಮಾರು 30 ದಿನ. ಇದು ಅದರ ಎಂಟು ದಿನದ ರೂಪ. ಆತ ಸೈನಿಕ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದು ಹಾಸಿಗೆ ಹಿಡಿದಾಗ ವೀರರ ಕಥೆ ಓದಬೇಕು ಅಂತ ಕೇಳಿದನಂತೆ. ಮನೆಯಲ್ಲಿ ಇದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ದೊಡ್ಡ ಮನೆತನದ ಹೆಂಗಸನ್ನು ಮೆಚ್ಚಿಸುವ ಕನಸು ಕಂಡಾಗಲೂ ಖುಷಿ, ಸಂತರ ಹಾಗೆ ಬದುಕುವ ಕನಸು ಕಂಡಾಗಲೂ ಖುಷಿ. ಆದರೆ ಮೊದಲನೆಯದು ಮುಗಿದ ಮೇಲೆ ಬಾಯಿ ಒಣಗಿದ ಹಾಗೆ, ಎರಡನೆಯದು ಮುಗಿದ ಮೇಲೂ ಖುಷಿ ಉಳಿಯುತ್ತಿತ್ತು. ಆ ವ್ಯತ್ಯಾಸವನ್ನು ಗಮನಿಸಿದ್ದರಿಂದಲೇ ಮುಂದಿನದೆಲ್ಲ ಹುಟ್ಟಿತು.

ನನಗೆ ಮೂರನೇ ದಿನ ಯಾವ ಖುಷಿಯೂ ಇರಲಿಲ್ಲ, ಬ್ಯಾಗು ಕಟ್ಟಿಟ್ಟಿದ್ದೆ. ಗಡಿಯಾರ ನೋಡಿದರೆ ಏಳು ನಿಮಿಷ ಆಗಿರುತ್ತಿತ್ತು. ಸಿಸ್ಟರ್‌ಗೆ ಹೇಳಿದೆ, ನಾಳೆ ಅರ್ಧ ಗಂಟೆಗೆ ಇಳಿಸಿಕೊಳ್ಳಲಾ ಅಂತ. ಅವರು "ಒಂದು ಗಂಟೆ ಐದು ನಿಮಿಷ ಕೂತ್ಕೋ" ಅಂದರು. ತಮಾಷೆ ಅಂದುಕೊಂಡೆ. ಅದು ಇಗ್ನೇಷಿಯಸ್ಸನದೇ ಸೂಚನೆಯಂತೆ, ಮನಸ್ಸು ಒಣಗಿದಾಗ ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಕೂರಬೇಕು. ಆತನದೇ ಇನ್ನೊಂದು ನಿಯಮ, ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಮೊದಲು ಮಾಡಿದ ತೀರ್ಮಾನ ಬದಲಿಸಬೇಡ. ಬ್ಯಾಗು ಬಿಚ್ಚಿದೆ.

ಈಗ ಸಿಸ್ಟರ್ ಬಗ್ಗೆ. ಎಪ್ಪತ್ತರ ಹತ್ತಿರದವರು, ಕಿವಿ ಸ್ವಲ್ಪ ಮಂದ, ಹಾಸನ ಕಡೆಯ ಮಾತು. ಮೊದಲ ದಿನವೇ ನಾನು ನೇರ ಕೇಳಿದ್ದೆ: "ಸಿಸ್ಟರ್, ನನಗೆ ದೇವರ ಕರೆ ಇದೆಯಾ ಇಲ್ವಾ, ಎಂಟನೇ ದಿನ ಹೇಳ್ತೀರಾ?" ಅವರು ನಕ್ಕರು. "ನಾನು ಹೇಳಿದ್ರೆ ಅದು ನನ್ನ ಕರೆ ಆಗುತ್ತೆ ಕಣಮ್ಮ." ಆ ಶಿಬಿರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಪೂರ್ತಿ ಈ ಮಾತಿನಲ್ಲಿದೆ. ಆಮೇಲೆ ಗೊತ್ತಾಯಿತು, ಧ್ಯಾನ ನಡೆಸುವವರಿಗೆ ಅಂತ ಇಗ್ನೇಷಿಯಸ್ ಶುರುವಿನಲ್ಲೇ 20 ಸೂಚನೆ ಬರೆದಿದ್ದಾನೆ. 15ನೆಯದು ಇದೇ: ಧ್ಯಾನದ ಹೊತ್ತಿನಲ್ಲಿ ನಡೆಸುವವರು ಸನ್ಯಾಸದ ಕಡೆಗೂ ನೂಕಬಾರದು, ಸಂಸಾರದ ಕಡೆಗೂ ನೂಕಬಾರದು, ತಕ್ಕಡಿಯ ಮುಳ್ಳಿನ ಹಾಗೆ ನಡುವೆ ನಿಲ್ಲಬೇಕು, ದೇವರು ಮತ್ತು ಆ ವ್ಯಕ್ತಿ ನೇರವಾಗಿ ಮಾತಾಡಿಕೊಳ್ಳಲಿ. ನೀವು ಯಾವ ಧ್ಯಾನಮನೆಗೆ ಹೋದರೂ, ಯಾವ ಫಾದರ್ ಹತ್ತಿರ ಹೋದರೂ, ಇದೊಂದು ಅಳತೆಕೋಲು ಹಿಡಿದು ನೋಡಿ. ಎರಡನೇ ದಿನ ಫಾರ್ಮ್ ಕೊಟ್ಟರೆ ಎದ್ದು ಬನ್ನಿ.

ನಾಲ್ಕನೇ ದಿನ ಅವರು ಒಂದು ಕೆಲಸ ಕೊಟ್ಟರು. ಚರ್ಚಿನಲ್ಲಿ ನನ್ನ ಹತ್ತಿರ ಇರುವ ಜವಾಬ್ದಾರಿಗಳನ್ನೆಲ್ಲ ಒಂದೊಂದಾಗಿ ತೆಗೆದು, ಏನೂ ಇಲ್ಲದ ಒಂದು ಭಾನುವಾರವನ್ನು ಮನಸ್ಸಿನಲ್ಲಿ ನೋಡಬೇಕು. ಸುಲಭ ಅಂದುಕೊಂಡೆ. ಕೀಬೋರ್ಡ್ ತೆಗೆದೆ, ಕ್ಲಾಸು ತೆಗೆದೆ, ಪಟ್ಟಿ ತೆಗೆದೆ. ಚರ್ಚಿನ ಬೀರುವಿನ ಕೀ ಗೊಂಚಲು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟೆ, ಹೌದು, ಧ್ಯಾನಕ್ಕೂ ಅದನ್ನು ತಂದಿದ್ದೆ. ಆಮೇಲೆ ನೋಡಿದರೆ ಚರ್ಚಿನ ಬಾಗಿಲಲ್ಲಿ ಒಬ್ಬಳೇ ನಿಂತಿದ್ದೇನೆ, ಯಾವ ಬೆಂಚಿನಲ್ಲಿ ಕೂರಬೇಕು ಅಂತಲೂ ಗೊತ್ತಿಲ್ಲ. ಒಂಬತ್ತು ವರ್ಷದಿಂದ ನಾನು ಬೆಂಚಿನಲ್ಲಿ ಕೂತೇ ಇಲ್ಲ. ಅಳು ಬಂತು. ಅದು ಭಕ್ತಿಯ ಅಳು ಅಲ್ಲ, ಹೆದರಿಕೆ. ಮಾರನೇ ದಿನ ಸಿಸ್ಟರ್ ಹತ್ತಿರ ಅದನ್ನು ಬೇರೆ ಥರ ಹೇಳಿದೆ, ನಾನಿಲ್ಲದಿದ್ರೆ ಗಾನವೃಂದ ನಿಂತೇ ಹೋಗುತ್ತೆ ಸಿಸ್ಟರ್ ಅಂತ. ಅವರು ಕಿವಿಯ ಮಿಷನ್ ಸರಿ ಮಾಡಿಕೊಂಡು "ನಿಂತ್ರೆ ನಿಲ್ಲಲಿ. ಎರಡು ಭಾನುವಾರ ಹಾಡಿಲ್ದೆ ಪೂಜೆ ಆಗುತ್ತೆ. ಹಾಡಿಲ್ದಿದ್ರೆ ಯೇಸು ಬರಲ್ವಾ?" ಅಂದರು.

ಐದು ಸ್ಟಾರ್ ಈ ಮಾತಿಗೇ.

ಆಮೇಲೆ ಇನ್ನೊಂದು ಕೇಳಿದರು, ಇದೂ ಇಗ್ನೇಷಿಯಸ್ಸನ ವಿಧಾನವೇ. ಗುರುತು ಪರಿಚಯ ಇಲ್ಲದ ಒಬ್ಬ ಹುಡುಗಿ ನಿನ್ನ ಕಥೆಯನ್ನೇ ನಿನಗೆ ಹೇಳಿದರೆ ನೀನು ಅವಳಿಗೆ ಏನು ಹೇಳುತ್ತೀಯ? ನಾನು ಬರೆದದ್ದು: ಮೊದಲು ಕೀ ಗೊಂಚಲು ಕೊಟ್ಟು ಬಾ, ಆಮೇಲೆ ಯೋಚನೆ ಮಾಡು, ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಮೂರು ವರ್ಷ ಕಳೆದೆಯಲ್ಲ.

ಆರನೇ ದಿನ ನಾವು ಮೂವರು ಚೂಡಿದಾರಿನವರಿಗೆ ಮಾತ್ರ ಬೇರೆ ಕೂರಿಸಿ ಒಂದು ಗಂಟೆ ವ್ಯವಹಾರದ ಮಾತು. ಇದು ತುಂಬಾ ಉಪಯೋಗಕ್ಕೆ ಬಂತು, ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಸಭೆ ಸೇರಿದ ತಕ್ಷಣ ಯಾರೂ ಸಿಸ್ಟರ್ ಆಗುವುದಿಲ್ಲ. ಮೊದಲು ತಯಾರಿಯ ಕಾಲ, ಆಮೇಲೆ ನೊವಿಶಿಯೇಟ್ ಅನ್ನುವ ತರಬೇತಿಯ ಕಾಲ, ಅದು ಕನಿಷ್ಠ 12 ತಿಂಗಳು ಇರಲೇಬೇಕು. ಆಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆಯ ತಾತ್ಕಾಲಿಕ ವ್ರತ, ಮೂರರಿಂದ ಆರು ವರ್ಷಕ್ಕೆ. ಅದನ್ನು ಬೆಳೆಸಿದರೂ ಒಟ್ಟು ಒಂಬತ್ತು ವರ್ಷ ದಾಟಬಾರದು. ಅಷ್ಟಾದ ಮೇಲೆಯೇ ಕಾಯಂ ವ್ರತ. ಇದೆಲ್ಲ 1983ರ ಚರ್ಚಿನ ಕಾನೂನಿನಲ್ಲಿದೆ. ಬಲವಂತದಿಂದಲೋ ಹೆದರಿಸಿಯೋ ಮೋಸದಿಂದಲೋ ಸೇರಿಸಿಕೊಂಡರೆ ಆ ಸೇರ್ಪಡೆಗೇ ಬೆಲೆ ಇಲ್ಲ. 17 ತುಂಬದವರನ್ನು ನೊವಿಶಿಯೇಟಿಗೆ ತೆಗೆದುಕೊಳ್ಳುವಂತಿಲ್ಲ. ಯಾವ ಸಭೆ ಅಂತಲೂ ಆತುರ ಬೇಡ ಅಂದರು. ಬೆಂಗಳೂರಿಗೆ 1854ರಲ್ಲೇ ಬಂದ ಗುಡ್ ಶೆಫರ್ಡ್ ಸಿಸ್ಟರ್‌ಗಳಿದ್ದಾರೆ, ಮಂಗಳೂರಿನಲ್ಲೇ 1887ರಲ್ಲಿ ಹುಟ್ಟಿದ ಉರ್ಸುಲೈನ್ ಫ್ರಾನ್ಸಿಸ್ಕನ್, 1921ರಲ್ಲಿ ಹುಟ್ಟಿದ ಬೆಥನಿ ಇದೆ, ಹೊರಗೇ ಬಾರದೆ ಪ್ರಾರ್ಥನೆಯಲ್ಲೇ ಇರುವ ಕಾರ್ಮೆಲ್ ಮಠಗಳಿವೆ. ಒಬ್ಬೊಬ್ಬರ ಜೀವನ ಒಂದೊಂದು ಥರ, ಹೋಗಿ ನೋಡಿ, ಕೇಳಿ.

ಮತ್ತೆ ಸಾಲ. ಇದು ನನ್ನ ತಲೆಯಲ್ಲೇ ಇರಲಿಲ್ಲ. ಸಾಲ ಇದ್ದು ಅದನ್ನು ತೀರಿಸಲು ಆಗದವರನ್ನು ನೊವಿಶಿಯೇಟಿಗೆ ಸೇರಿಸಬಾರದು ಅಂತ ಅದೇ ಕಾನೂನಿನ 644ನೇ ನಿಯಮ. ಬಡತನದ ವ್ರತ ತೆಗೆದುಕೊಂಡವಳಿಗೆ ಸಂಬಳ ಇಲ್ಲ, ಬ್ಯಾಂಕಿನವರು ಬರುವುದು ಅಪ್ಪನ ಮನೆ ಬಾಗಿಲಿಗೆ. ನನ್ನ ಎಂಬಿಎ ಸಾಲ ಆಗ 2,10,000 ಬಾಕಿ ಇತ್ತು. ಲೂಕನ 14ನೇ ಅಧ್ಯಾಯದಲ್ಲಿ ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಲ್ವಾ ಅಂತ ಯೇಸು ಕೇಳುವ ಭಾಗವನ್ನು ಆ ಸಂಜೆ ಓದಲು ಕೊಟ್ಟರು. ಲೆಕ್ಕದವಳಿಗೆ ಸರಿಯಾದ ಶುಭಸಂದೇಶ. ನೋಟ್‌ಬುಕ್ಕಿನಲ್ಲಿ ಪ್ರಾರ್ಥನೆ ಬರೆಯುವ ಬದಲು ಕಂತು ಬರೆದೆ. ಈಗಿನ 6,500ರ ಕಂತಿನಲ್ಲಿ ಹೋದರೆ ಮೂರು ವರ್ಷ. ಶನಿವಾರ ಭಾನುವಾರ ಟ್ಯೂಷನ್ ಹೇಳಿದರೆ ತಿಂಗಳಿಗೆ 11,000 ಜಾಸ್ತಿ ಕಟ್ಟಬಹುದು, ಒಂದು ವರ್ಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಆದರೆ ಶನಿವಾರ ಭಾನುವಾರ ಅಂದರೆ ಚರ್ಚಿನ ಎಲ್ಲ ಕೆಲಸ ಬಿಡಬೇಕು. ಎರಡು ಪ್ರಶ್ನೆಗೂ ಉತ್ತರ ಒಂದೇ ಜಾಗದಲ್ಲಿ ಬಂದು ನಿಂತಿತು.

ಇಲ್ಲಿಂದ ಮುಂದಿನದಕ್ಕೆ ಧ್ಯಾನಮನೆ ಹೊಣೆಯಲ್ಲ, ಆದರೆ ಹೋಗುವವರು ತಿಳಿದಿರಲಿ. ಬಿಡುವುದು ಸೇರುವುದಕ್ಕಿಂತ ಕಷ್ಟ. ಕಾರಣ ಹೇಳುವಂತಿಲ್ಲ, ಇನ್ನೂ ನಿರ್ಧಾರವಾಗದ್ದನ್ನು ಊರಿಗೆಲ್ಲ ಸಾರಬೇಡ ಅಂತ ಸಿಸ್ಟರ್ ಹೇಳಿದ್ದರು. ಅಪ್ಪ ಅಮ್ಮನಿಗೆ ಮಾತ್ರ ಹೇಳಿದೆ. ಅಪ್ಪ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ "ಸಾಲಕ್ಕೆ ನಾನೂ ಸ್ವಲ್ಪ ಹಾಕ್ಲಾ" ಅಂದರು, ಬೇಡ ಅಂದೆ. ಚರ್ಚಿನಲ್ಲಿ ರಾಜೀನಾಮೆ ಅನ್ನುವ ಪದಕ್ಕೇ ಬೆಲೆ ಇಲ್ಲ. ಫಾದರ್ ನಕ್ಕು "ಕ್ರಿಸ್‌ಮಸ್ ತನಕ ನೋಡ್ಕೊಮ್ಮ" ಅಂದರು. ವಿನ್ಸೆಂಟ್ ದೆ ಪಾಲ್ ಸಭೆಯ ಪಾಸ್‌ಬುಕ್ಕಿನಲ್ಲಿ ಸಹಿ ಬದಲಿಸಲು ನಾಲ್ಕು ಸಲ ಬ್ಯಾಂಕಿಗೆ ಹೋದೆ. ಮದುವೆ ಗೊತ್ತಾಯ್ತಾ ಅಂತ ಹದಿನೈದು ಜನ ಕೇಳಿದರು, ಕೆನಡಾನಾ ಅಂತ ಆರು ಜನ. ಟ್ಯೂಷನ್ ವಿಷಯ ಗೊತ್ತಾದ ಮೇಲೆ ಒಬ್ಬ ಆಂಟಿ ನನ್ನ ಮುಂದೆಯೇ "ಸೇವೆ ಮಾಡ್ತಿದ್ದ ಹುಡುಗಿ, ದುಡ್ಡಿನ ಆಸೆ ಯಾರನ್ನ ಬಿಡುತ್ತೆ" ಅಂದರು. ದುಡ್ಡು ಬಡತನದ ವ್ರತಕ್ಕೆ ಬೇಕು ಆಂಟಿ ಅಂತ ಹೇಳುವ ಹಾಗಿಲ್ಲ. ನುಂಗಿಕೊಂಡೆ. ಅವತ್ತು ರಾತ್ರಿ ವಾಪಸ್ ಸೇರಿಬಿಡೋಣ ಅನ್ನಿಸಿತು. ಮನಸ್ಸು ಕುಗ್ಗಿದಾಗ ತೀರ್ಮಾನ ಬದಲಿಸಬೇಡ ಅನ್ನುವ ನಿಯಮಕ್ಕೆ ನನ್ನ 6,400 ರೂಪಾಯಿ ವಸೂಲಾದದ್ದು ಅವತ್ತೇ.

ಗಾನವೃಂದ ನಿಲ್ಲಲಿಲ್ಲ. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಕೀಬೋರ್ಡ್ ಹಿಡಿದಳು. ನಾನು ಎಲ್ಲ ಹಾಡನ್ನೂ ಶ್ರುತಿ ತಾನೇ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಬಿಳಿ ಕೀಗಳಲ್ಲೇ ನುಡಿಸುತ್ತಿದ್ದೆ, ಅದು ನನ್ನ ಗುಟ್ಟು. ಅವಳು ಬಟನ್ ಮುಟ್ಟುವುದೇ ಇಲ್ಲ, ಕರಿ ಕೀಗಳಲ್ಲಿ ಸಲೀಸಾಗಿ ಓಡಾಡುತ್ತಾಳೆ. ಮೊದಲ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಕೇಳುವಾಗ ಹೊಟ್ಟೆಯಲ್ಲಿ ಖಾರ ಕಲಸಿದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಈಗ ನಾನು ಬೆಳಗಿನ ಆರೂವರೆ ಪೂಜೆಗೆ ಹೋಗಿ ಟ್ಯೂಷನ್ನಿಗೆ ಓಡುತ್ತೇನೆ. ಬಲಿಪೀಠ ಇಷ್ಟು ನೇರವಾಗಿ ಕಾಣುತ್ತದೆ ಅಂತಲೇ ಗೊತ್ತಿರಲಿಲ್ಲ, ಗಾನವೃಂದದ ಮೂಲೆಯಿಂದ ಒಂದು ಕಂಬ ಅಡ್ಡ ಬರುತ್ತಿತ್ತು.

ಧ್ಯಾನ ಮುಗಿದ ಮೇಲಿನ ಸೇವೆಗೂ ಒಳ್ಳೆ ಅಂಕ ಕೊಡಬೇಕು. ತಿಂಗಳಿಗೊಮ್ಮೆ ಸಿಸ್ಟರ್ ಒಂದು ಗಂಟೆ ಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ, ಬಾಳೆಹಣ್ಣು ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಗುಲಾಬಿ ಹೂವಿನ ಮೆಸೇಜು ಬರುವುದಿಲ್ಲ. ಐದು ತಿಂಗಳಾಯಿತು, ಒಂದು ಸಲವೂ "ಏನು ತೀರ್ಮಾನ ಮಾಡಿದೆ" ಅಂತ ಕೇಳಿಲ್ಲ. ಸಾಲ ಎಷ್ಟಿದೆ ಅಂತ ಮಾತ್ರ ಕೇಳುತ್ತಾರೆ. 1,32,000 ಇದೆ.

ಯಾರಿಗೆ ಬೇಡ: ಮನೆಯಲ್ಲಿ ಜಗಳವಾಡಿಕೊಂಡವರು, ಮದುವೆ ಮುರಿದು ಹದಿನೈದು ದಿನ ಆದವರು, ಉತ್ತರ ಕೈಯಲ್ಲಿ ಹಿಡಿದುಕೊಂಡೇ ವಾಪಸ್ ಬರಬೇಕು ಅನ್ನುವವರು ಈಗಲೇ ಹೋಗಬೇಡಿ. ನಮ್ಮ ಜೊತೆ ಬಂದ ಇನ್ನೊಬ್ಬಳು ಚೂಡಿದಾರಿನವಳು ಎಂಟನೇ ದಿನ "ನನಗೆ ಮದುವೆಯೇ ಸರಿ" ಅಂತ ನಗುತ್ತಾ ಹೋದಳು, ಸಿಸ್ಟರ್ ಅವಳಿಗೂ ಅಷ್ಟೇ ಖುಷಿಯಿಂದ ಕೈಬೀಸಿದರು.

ಹೋಗುವವರು ಟಾರ್ಚು, ಸೊಳ್ಳೆ ಬತ್ತಿ, ಒಂದು ದಪ್ಪ ನೋಟ್‌ಬುಕ್ಕು, ಉಪ್ಪಿನಕಾಯಿ ಇಟ್ಟುಕೊಳ್ಳಿ. ಫೋನ್ ಮಾಡುವುದಾದರೆ ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಮಾಡಿ, ಮಧ್ಯಾಹ್ನ ಎಲ್ಲರೂ ಮಲಗಿರುತ್ತಾರೆ. ಕೋಣೆ ಕೊಡುವಾಗ ನೀರಿನ ಮೋಟಾರು ಎಲ್ಲಿದೆ ಅಂತ ಕೇಳಿ ಆ ಕಡೆಯದು ಬೇಡ ಅನ್ನಿ. ನಾಲ್ಕೂವರೆಗೆ ಅದು ಶುರುವಾದರೆ ಮೌನ ಅಲ್ಲಿಗೆ ಮುಗಿಯಿತು.